ಫ್ರೀಜರಿಗೆ ರಜೆ

ದಸರಾ ರಜೆ ಮುಗಿಸಿ ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದು, ಶಿವಮೊಗ್ಗದ ಕಾಲೇಜಿನಲ್ಲಿ ಲ್ಯಾಬಿನ ಬಾಗಿಲು ತೆಗೆದ ಮೈತ್ರಿಗೆ ಮೊದಲು ಕಂಡದ್ದು ನೆಲದ ಮೇಲಿನ ನೀರು. ಆಮೇಲೆ ಫ್ರೀಜರು. ಹಣೆಗೆ ಕುಂಕುಮ, ಕೊರಳಿಗೆ ಬಾಡಿದ ಸೇವಂತಿಗೆ. ಮದುಮಗಳ ಹಾಗೆ ನಿಂತಿತ್ತು. ಸದ್ದು ಮಾತ್ರ ಇರಲಿಲ್ಲ.

ಒಳಗಿದ್ದದ್ದು ಅವಳ ಪಿಎಚ್.ಡಿ.ಯ ಜೀವ: ಗಾಯ ಮಾಯಲೆಂದು ಮನುಷ್ಯರ ಮೈಯಲ್ಲಿ ಹುಟ್ಟುವ ಒಂದು ಪ್ರೋಟೀನು. ಅದನ್ನು ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಬೆಳೆಸಿ, ಸೋಸಿ, ಶುದ್ಧಮಾಡಿ ಹೊರದೇಶದ ಕಂಪನಿಯೊಂದು ಕಳಿಸಿತ್ತು. ಬರಲು ಅರ್ಧ ವರ್ಷ ಹಿಡಿದಿತ್ತು. ಪುಡಿಯಾಗಿದ್ದರೆ ಹೇಗೋ ತಡೆಯುತ್ತದೆ. ನೀರಲ್ಲಿ ಕಲಸಿದ ಮೇಲೆ ಹೆಪ್ಪುಗಟ್ಟಿಕೊಂಡೇ ಇರಬೇಕು; ಕರಗಿದರೆ ಕೆಟ್ಟಂತೆ. ಮೈತ್ರಿ ರಜೆಗೆ ಹೊರಡುವ ದಿನವಷ್ಟೇ ಎಲ್ಲವನ್ನೂ ಕಲಸಿ ಪುಟ್ಟ ಟ್ಯೂಬುಗಳಿಗೆ ಹಂಚಿಟ್ಟಿದ್ದಳು. ಈಗ ಅವು ಟ್ರೇಯ ನೀರಿನಲ್ಲಿ ತೇಲುತ್ತಿದ್ದವು.

ಅಟೆಂಡರ್ ಧರ್ಮಪ್ಪ ಪುರಿಯ ಪೊಟ್ಟಣ ಹಿಡಿದು ಬಂದರು. "ಪ್ರಸಾದ ತಗೊಳ್ಳಿ ಅಮ್ಮ. ವರ್ಷವಿಡೀ ಗುರ್ ಅಂತಿತ್ತು ಪಾಪ. ಮೂರು ದಿನ ಚೆನ್ನಾಗಿ ಮಲಗ್ತು ನೋಡಿ."

"ಇದನ್ಯಾಕೆ ಆಫ್ ಮಾಡಿದ್ರಿ ಧರ್ಮಪ್ಪ?"

"ನೀವೇ ಅಂದ್ರಲ್ಲ! 'ಫ್ರೀಜರಿಗೂ ಪೂಜೆ ಮಾಡ್ಲಾ' ಅಂದೆ. 'ಎಲ್ಲದಕ್ಕೂ ಮಾಡಿ ಮಾರಾಯ್ರೇ, ನಂಗೆ ಬಸ್ ತಪ್ಪುತ್ತೆ' ಅಂದ್ರಿ. ಆಯುಧ ಪೂಜೆಲಿ ಯಾರಾದ್ರೂ ಮಿಷನ್ ಓಡಿಸ್ತಾರಾ?"

ಓಡಿಸುವುದಿಲ್ಲ. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಅವಳಪ್ಪನ ಲೇತ್ ಮಿಷನ್ನೂ ಮಲಗಿತ್ತು. ಮನೆಯಲ್ಲಿ ಅಮ್ಮ ಮಿಕ್ಸಿಗೆ ಕುಂಕುಮವಿಟ್ಟು, ಚಟ್ನಿಯನ್ನು ಒರಳಲ್ಲಿ ರುಬ್ಬಿದ್ದಳು. ಆ ಚಟ್ನಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದಾಗಲೂ ಮೈತ್ರಿಗೆ ಫ್ರೀಜರಿನ ನೆನಪಾಗಿರಲಿಲ್ಲ. ಇನ್ನು ಯಾರನ್ನು ಬೈಯುವುದು?

ಆದರೂ ಒಂದು ಆಸೆ. ತಟ್ಟೆಯಲ್ಲಿ ಬೆಳೆಸಿದ ಚರ್ಮದ ಜೀವಕೋಶಗಳ ನಡುವೆ ಗೀರಿ ಗಾಯಮಾಡಿ, ಕರಗಿದ ಪ್ರೋಟೀನಿನ ಒಂದು ತೊಟ್ಟು ಬಿಟ್ಟಳು. ಮರುದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೀರು ಹಾಗೇ ಇತ್ತು, ಈಗಷ್ಟೇ ಎಳೆದಂತೆ.

"ಎದ್ದಿತಾ?" ಧರ್ಮಪ್ಪ ಬಾಗಿಲಲ್ಲೇ ನಿಂತು ಕೇಳಿದರು.

"ಇಲ್ಲ."

"ಅದು ಮನುಷ್ಯರ ಮೈದು ಅಂತ ಹಿಂದೆ ಅಂದಿದ್ರಲ್ಲ. ಮನುಷ್ಯರದ್ದಾದ್ರೆ ರಜಾ ಕೊಟ್ಮೇಲೆ ಸುಧಾರಿಸ್ಬೇಕಿತ್ತಪ್ಪ."

ಮೈತ್ರಿಗೆ ನಗು ಬಂತು; ನಗುವುದಕ್ಕೂ ಸುಸ್ತು. "ಸರ್ ಹತ್ರ ನಾನೇ ಹೇಳ್ತೀನಿ. ನೀವು ಬಾಯಿ ಬಿಡ್ಬೇಡಿ."

ತಪ್ಪು ತನ್ನದೇ ಎಂದ ಅವಳ ಮಾತೆಲ್ಲ ಕೇಳಿ, ಗೈಡ್ ಹರಿಪ್ರಸಾದ್ ಸರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮತ್ತೆ ತರಿಸೋಣ. ಆದ್ರೆ ಅದು ಬರೋ ಹೊತ್ತಿಗೆ ನಿನ್ನ ಫೆಲೋಶಿಪ್ ಮುಗಿದಿರುತ್ತಲ್ಲಮ್ಮ?"

"ಇರ್ತೀನಿ ಸರ್. ಹೇಗೋ."

ಸರ್ ಕೋಣೆಯಿಂದ ಲ್ಯಾಬಿಗೆ ಬಂದಾಗ ಧರ್ಮಪ್ಪ ಫ್ರೀಜರಿನ ಕುಂಕುಮ ಒರೆಸುತ್ತಿದ್ದರು. ಅಷ್ಟು ಹೊತ್ತು ಸರ್ ಕೋಣೆಯ ಬಾಗಿಲ ಹತ್ತಿರವೇ ನಿಂತು ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ.

"ಬರೋ ವರ್ಷ ಬರೀ ಹೂವು ಇಡ್ತೀನಮ್ಮ," ಎಂದರು. "ಸ್ವಿಚ್ ಮುಟ್ಟಲ್ಲ."