ಬ್ಯಾಗಿನ ನಟ್ಟನಡುವೆ

ಗಾಜಿನ ಸಾಮಾನಿನ ಕಾರ್ಖಾನೆಯಲ್ಲಿ ಅವನಿಗೆ ಪ್ಯಾಕಿಂಗ್ ಮೇಷ್ಟ್ರು ಎಂದೇ ಹೆಸರು. ಹತ್ತೊಂಬತ್ತು ವರ್ಷದಲ್ಲಿ ಅವನು ಕಟ್ಟಿದ ಪೆಟ್ಟಿಗೆಯಿಂದ ಒಂದು ಲೋಟವೂ ಒಡೆದು ವಾಪಸ್ ಬಂದಿರಲಿಲ್ಲ. ಆ ಹೆಮ್ಮೆ ತಲೆಗೇರಿತ್ತು ಅಂದರೂ ತಪ್ಪಿಲ್ಲ. ಅಂಥವನು ಮಗಳ ಬೇಸಿಗೆ ಶಿಬಿರದ ಬ್ಯಾಗನ್ನು ಬೇರೆಯವರು ಮುಟ್ಟಲು ಬಿಡುತ್ತಾನೆಯೇ?

ಶಿಬಿರದ ಟೀಚರ್ ಕೊಟ್ಟ ಪಟ್ಟಿ ಮಂಚದ ಮೇಲಿತ್ತು. ಟಾರ್ಚು, ಟೋಪಿ, ನೀರಿನ ಬಾಟಲಿ, ಹೊದಿಕೆ. ಇವನ್ನೆಲ್ಲ ಯಾರು ಬೇಕಾದರೂ ತುಂಬುತ್ತಾರೆ ಬಿಡಿ. ಅವನಿಗೆ ಚಿಂತೆ ಇದ್ದದ್ದು ಇಂಜೆಕ್ಷನ್ ಒಂದರದ್ದೇ. ಹುಡುಗಿಗೆ ಜೇನುನೊಣದ ವಿಷ ಆಗಿಬರುತ್ತಿರಲಿಲ್ಲ. ಕಚ್ಚಿದ ಕೂಡಲೇ ತೊಡೆಗೆ ಅದನ್ನು ಚುಚ್ಚದಿದ್ದರೆ ಗಂಟಲು ಊದಿಕೊಂಡು ಉಸಿರೇ ನಿಲ್ಲಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು.

ಅವನು ಅದನ್ನು ಸ್ಪಂಜಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಗಿಳಿಸಿ, ಕಾರ್ಖಾನೆಯ ಅಗಲವಾದ ಕಂದು ಟೇಪನ್ನು ಮೂರು ಸುತ್ತು ಬಿಗಿದ. ಆಮೇಲೆ ಟವೆಲ್ಲಿನಲ್ಲಿ ಸುತ್ತಿ, ಬಟ್ಟೆಗಳ ನಟ್ಟನಡುವೆ ಹುದುಗಿಸಿದ.

"ಅಪ್ಪಾ, ಇಷ್ಟೊಂದು ಟೇಪಾ? ಅಂಗಡಿಗೆ ಕಳಿಸ್ತಿದೀಯಾ ನನ್ನ?" ಎಂದು ಮಗಳು ಕಿಸಕ್ಕನೆ ನಕ್ಕಳು.

"ಬಾಯ್ಮುಚ್ಕೊಂಡು ಝಿಪ್ ಎಳಿ."

"ಇಂಜೆಕ್ಷನ್ ಇಟ್ರಾ?" ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಇಟ್ಟೆ ಕಣೇ. ಬ್ಯಾಗ್ ಬೆಟ್ಟದಿಂದ ಉರುಳಿದ್ರೂ ಅದಕ್ಕೇನೂ ಆಗಲ್ಲ."

ಮೂರನೇ ದಿನ ಮಧ್ಯಾಹ್ನ ಶಿಬಿರದಿಂದ ಫೋನ್ ಬಂತು, ಹುಡುಗಿಗೆ ಜೇನು ಕಚ್ಚಿದೆ ಎಂದು. ಗಂಡ ಹೆಂಡತಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೊಂದು ವರ್ಷದ ಕೂಸು. ಅಯ್ಯೋ, ಹೇಳುವುದಕ್ಕೂ ನಾಲಿಗೆ ಏಳುವುದಿಲ್ಲ.

ಹೊರಗಿನ ಬೆಂಚಿನಲ್ಲಿ ಟೀಚರ್ ಕೂತಿದ್ದಳು, ಇನ್ನೂ ಸಣ್ಣ ವಯಸ್ಸಿನವಳು. ಅವಳ ಎರಡು ಉಗುರು ಬುಡದವರೆಗೆ ಕಿತ್ತುಹೋಗಿದ್ದವು. ತೋಳಿನ ಬಟ್ಟೆಗೆ ಕಂದು ಟೇಪಿನ ತುಂಡು ಅಂಟಿಕೊಂಡಿತ್ತು. ಅದು ಕಾರ್ಖಾನೆಯ ಟೇಪು. ಅವನೇ ಮೂರು ಸುತ್ತು ಬಿಗಿದದ್ದು.

ಹೆಂಡತಿ ಟೀಚರ ಭುಜ ಹಿಡಿದು ಜಗ್ಗಿದಳು. "ಬ್ಯಾಗಲ್ಲೇ ಇತ್ತಲ್ಲಮ್ಮಾ ಮದ್ದು! ಏನ್ ಮಾಡ್ತಿದ್ದೆ ನೀನು? ಕತ್ತೆ ಕಾಯ್ತಿದ್ಯಾ?"

"ಹುಡುಕಿ ತೆಗೆಯೋದು ತಡ ಆಯ್ತು. ನಂದೇ ತಪ್ಪು," ಎಂದ ಟೀಚರ್ ಅವನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವನೂ ಸುಮ್ಮನಿದ್ದುಬಿಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಊರೆಲ್ಲ ಟೀಚರಿಗೇ ಶಾಪ ಹಾಕುತ್ತಿತ್ತು. ಸುಮ್ಮನಿರಬೇಕೆಂದು ಅವನಿಗೆ ಅನಿಸಿತು ಕೂಡ, ಸುಳ್ಳೇಕೆ.

"ಅವರನ್ನ ಬಿಡು," ಎಂದ. "ಬೇಗ ಬಿಚ್ಚೋಕಾಗದ ಹಾಗೆ ಕಟ್ಟಿದ್ದು ನಾನು."

ಹೆಂಡತಿಯ ಕೈ ಟೀಚರ ಭುಜದಿಂದ ಜಾರಿತು. ಅವಳು ಗಂಡನ ಮುಖವನ್ನೇ ನೋಡಿದಳು.

"ಹೇಗೆ ಕಟ್ಟಿದ್ರಿ?"

ಅವನು ಮೊದಲಿನಿಂದ ಹೇಳತೊಡಗಿದ.