ಶನಿವಾರದ ಹಿಟ್ಟು

ಚೈತ್ರಮಾಸದ ಆ ಶನಿವಾರದ ಅಪರಾಹ್ನ ಜಯನಗರದ ಸಾಲುಮರಗಳ ಮೇಲೆ ಅದೆಂಥ ಸುವರ್ಣಕಾಂತಿ ಸುರಿದಿತ್ತು! ಹೊಂಗೆಮರಗಳು ತಮ್ಮ ಮಸುಕುನೇರಳೆಯ ಹೂಗಳನ್ನು ಫುಟ್‌ಪಾತಿನ ಮೇಲೆ, ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆ, ಎಳನೀರು ಮಾರುವವನ ಗಾಡಿಯ ಮೇಲೆ ಭೇದಭಾವವಿಲ್ಲದೆ ಚೆಲ್ಲುತ್ತಿದ್ದವು. ಬನಶಂಕರಿಯ ದಿಕ್ಕಿನಲ್ಲಿ ಒಂಟಿ ಮುಗಿಲೊಂದು ಸುರಿಯಲೋ ಸರಿಯಲೋ ಎಂದು ನಿರ್ಧರಿಸಲಾರದೆ ಬಹಳ ಹೊತ್ತಿನಿಂದ ಹಾಗೇ ನಿಂತಿತ್ತು... ಸಹೃದಯರೇ, ಮುಗಿಲಿನ ಅನಿಶ್ಚಯವನ್ನು ನಾವು ಎಷ್ಟು ಸುಲಭವಾಗಿ ಕ್ಷಮಿಸುತ್ತೇವೆ, ಮನುಷ್ಯರದ್ದನ್ನು ಕ್ಷಮಿಸಲು ಮಾತ್ರ ಹಿಂದೆಮುಂದೆ ನೋಡುತ್ತೇವೆ! ಅದೇ ಹೊತ್ತಿನಲ್ಲಿ ತಿಲಕ್ ನಗರದ ಒಂದು ಅಡುಗೆಮನೆಯಲ್ಲಿ ಹೇಮಶ್ರೀ ಎಂಬ ಇಪ್ಪತ್ತೇಳರ ಹುಡುಗಿ ಗೋಧಿಹಿಟ್ಟಿನ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು.

ಹೆಸರಿನಲ್ಲಿ ಹೇಮವಿದ್ದರೂ ಅವಳ ಮೈಮೇಲೆ ಗುಲಗಂಜಿ ತೂಕದ ಬಂಗಾರವೂ ಇರಲಿಲ್ಲ. ಒಡವೆ, ಹೂವು, ಸಿನಿಮಾ, ಜಾತ್ರೆ ಎಲ್ಲವೂ ಅವಳ ಮನೆಯವರು ಸೇರಿದ್ದ ಕ್ರೈಸ್ತ ಸಭೆಗೆ ನಿಷಿದ್ಧ. ಪಕ್ಕದ ಬೀದಿಯ ಕಟ್ಟಡವೊಂದರ ಮೇಲಿನ ಹಾಲಿನಲ್ಲಿ ಪ್ರತಿ ಭಾನುವಾರ ಸೇರುವ ಆ ಎಂಬತ್ತು ಜನರ ಸಭೆಗೆ ಅವಳ ತಂದೆ ಪಾಪಯ್ಯನವರೇ ಹಿರಿಯರು. ಆರಾಧನೆಯಲ್ಲಿ ಎಲ್ಲರೂ ಮುರಿದು ತಿನ್ನುವ ಒಂದೇ ಒಂದು ರೊಟ್ಟಿ ಹಿರಿಯರ ಮನೆಯಲ್ಲಿಯೇ ಬೇಯಬೇಕು. ತಾಯಿ ತೀರಿಕೊಂಡ ಮೇಲೆ ಹನ್ನೊಂದು ವರ್ಷಗಳಿಂದ ಅದು ಹೇಮಶ್ರೀಯ ಕೆಲಸ. ಅದಕ್ಕೊಂದು ಕಟ್ಟಳೆಯಿತ್ತು. ಹಿಟ್ಟು ಮುಟ್ಟುವ ಮೊದಲು ಕಣ್ಣು ಮುಚ್ಚಿ, ದೇವರೊಡನೆಯಾಗಲಿ ಮನುಷ್ಯರೊಡನೆಯಾಗಲಿ ನನ್ನಲ್ಲಿ ತೀರದ ಮನಸ್ತಾಪವೇನಾದರೂ ಉಂಟೇ ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕು. ಉಂಟು ಎಂದಾದರೆ ಹಿಟ್ಟನ್ನು ಅಲ್ಲಿಯೇ ಬಿಟ್ಟು, ಹೋಗಿ ಸರಿಮಾಡಿಕೊಂಡು ಬರಬೇಕು. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಹಿಟ್ಟು ಹಾಗೆ ಉಳಿದಿರಲಿಲ್ಲ.

ಆದರೆ ಐದು ತಿಂಗಳ ಹಿಂದೆ, ನಿಶ್ಚಿತಾರ್ಥದ ದಿನ...

ಅವಳನ್ನು ಮದುವೆಯಾಗಬೇಕಾಗಿದ್ದ ಶಿವಕಿರಣ್ ಸುಬ್ರಹ್ಮಣ್ಯಪುರದ ಹಳೆಯ ಒಕ್ಕಲು ಮನೆತನದವನು; ಮನೆಮಂದಿಯೆಲ್ಲ ಊರದೇವತೆಗೆ ಕೈಮುಗಿಯುತ್ತಿದ್ದಾಗ ತಾನೊಬ್ಬನೇ ಸಭೆಗೆ ಬಂದು ಸೇರಿದವನು. ಅವನ ಅಜ್ಜಿ ಲಕ್ಷ್ಮಮ್ಮ ಅಂದು ಸೆರಗಿನಿಂದ ಒಂದು ಮೊಳ ಮಲ್ಲಿಗೆ ತೆಗೆದು ಹೇಮಶ್ರೀಯ ಅಂಗೈಯಲ್ಲಿಟ್ಟಿದ್ದರು. “ಮುಡೀಬೇಡ ಕಣವ್ವ, ನಿಮ್ ದೇವ್ರು ಬ್ಯಾಡ ಅಂದ್ರೆ ಬ್ಯಾಡ. ಸುಮ್ನೆ ವಾಸ್ನೆ ನೋಡು. ವಾಸ್ನೆಗೆ ಯಾವ ಸಬೆ?” ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಿದ್ದರು. ಆ ಪರಿಮಳ! ಇಷ್ಟು ನಿಷ್ಪಾಪವಾದುದನ್ನು ಬೇಡವೆನ್ನುವವನು ಯಾರು, ಏಕೆ ಎಂಬ ಪ್ರಶ್ನೆ ಅಂದು ಅವಳೊಳಗೆ ಮೊದಲ ಸಲ ಮೂಡಿತು. ಅವಳು ಹೆದರಿ ಅದನ್ನು ಅದುಮಿಟ್ಟಳು.

ಆರು ವಾರಗಳ ಹಿಂದೆ ಲಕ್ಷ್ಮಮ್ಮ ತೀರಿಕೊಂಡರು. ಹೆತ್ತ ಮಗನಿಗಿಂತ ಹೆಚ್ಚಾಗಿ ಅವರು ಸಾಕಿದ್ದ ಮೊಮ್ಮಗ ಶಿವಕಿರಣ್, ಮನೆಯ ಪದ್ಧತಿಯಂತೆ, ಆ ತಣ್ಣಗಾದ ಬಾಯಿಗೆ ಮೂರು ಸಲ ಅಕ್ಕಿ ಹಾಕಿದ. ಸುದ್ದಿ ಸಭೆಗೆ ಮುಟ್ಟಿತು. ಅನ್ಯದೇವರ ಆಚಾರ ಮಾಡಿದವನೆಂದು ಅವನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ರೊಟ್ಟಿಯ ತಟ್ಟೆ ಅವನನ್ನು ದಾಟಿ ಹೋಗತೊಡಗಿತು. “ಆ ಅಜ್ಜಿ ಈಗ ನರಕದ ಆರದ ಬೆಂಕಿಯಲ್ಲಿದ್ದಾರೆ” ಎಂದು ಪಾಪಯ್ಯನವರು ಹವಾಮಾನ ವರದಿ ಓದುವಷ್ಟು ಶಾಂತವಾಗಿ ಭಾನುವಾರದ ಉಪದೇಶದಲ್ಲಿ ಹೇಳಿದರು. ಹೇಮಶ್ರೀ ಮುಸುಕಿನೊಳಗೆ ಕಣ್ಣು ಮುಚ್ಚಿದಳು. ಅವಳಿಗೆ ಬೆಂಕಿ ಕಾಣಲಿಲ್ಲ, ಮಲ್ಲಿಗೆಯ ವಾಸನೆ ಬಂತು.

ನಾಳೆಯೇ ಕಡೆಯ ಗಡುವು. ಮಾಡಿದ್ದು ಪಾಪವೆಂದು ಎಲ್ಲರೆದುರು ಒಪ್ಪಿಕೊಳ್ಳದಿದ್ದರೆ ಶಿವಕಿರಣ್ ಸಭೆಯಿಂದ ಹೊರಗೆ. ಮೇ ತಿಂಗಳಿಗೆ ನಿಶ್ಚಯವಾದ ಮದುವೆಯೂ ಮುರಿದಂತೆಯೇ.

ಹೇಮಶ್ರೀ ಕಣ್ಣು ಮುಚ್ಚಿ ಆ ವಾಡಿಕೆಯ ಪ್ರಶ್ನೆಯನ್ನು ಕೇಳಿಕೊಂಡಳು. ಅಯ್ಯೋ! ಬಾಗಿಲು ತಟ್ಟಿದ ಮೇಲೆ ಮನೆಯಲ್ಲಿ ಯಾರೂ ಇಲ್ಲವೇನೋ ಎಂದು ಅನುಮಾನ ಬರುತ್ತದಲ್ಲ, ಹಾಗಾಯಿತು ಅವಳಿಗೆ. ದೇವರಿಲ್ಲವೋ, ಇದ್ದೂ ಸುಮ್ಮನಿರುವನೋ, ಸುಮ್ಮನಿರುವವನ ಮೇಲೆ ತನಗೆ ಮುನಿಸೋ... ಇಲ್ಲದವನ ಮೇಲೆ ಮುನಿಸಾದರೂ ಹೇಗೆ ಬರುತ್ತದೆ? ಅವಳು ಎದ್ದು ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು.

“ನನ್ನಿಂದ ಹಿಟ್ಟು ಮುಟ್ಟಕ್ಕಾಗ್ತಿಲ್ಲ, ಅಪ್ಪ.”

ಪಾಪಯ್ಯನವರು ಓದುತ್ತಿದ್ದ ಬೈಬಲಿನಿಂದ ತಲೆಯೆತ್ತಿದರು. “ಯಾರ ಮೇಲಮ್ಮ ಮನಸ್ತಾಪ?”

“ಅದೇ ಗೊತ್ತಾಗ್ತಿಲ್ಲ.”

ಅವರ ಮುಖದಲ್ಲಿ ಕೋಪವಲ್ಲ, ಭಯ ಹಾದುಹೋಯಿತು. ಆದರೆ ಕಟ್ಟಳೆ ಅವರದೇ. ತಾವೇ ಹಾಕಿದ ಗಂಟು ತಮ್ಮ ಕೈಗೇ ಬಿದ್ದಿತ್ತು. “ಹಾಗಾದ್ರೆ ಹೋಗು. ಸರಿಮಾಡ್ಕೊಂಡು ಬಾ” ಎಂದರು.

ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಶಿವಕಿರಣ್ ಅವಳನ್ನು ಕಂಡು ಮೆಟ್ಟಿಲಿಗೆ ಬಂದ. ಆರೇ ವಾರಗಳಲ್ಲಿ ಎಷ್ಟು ಇಳಿದುಹೋಗಿದ್ದ! ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ:

“ನಾಳೆ ಒಪ್ಕೊಂಡ್ಬಿಡ್ತೀನಿ, ಹೇಮ. ಅಜ್ಜಿಗೆ ಅಕ್ಕಿ ಹಾಕಿದ್ದು ಪಾಪ ಅಂತ ಮನಸ್ಸು ಹೇಳ್ತಿಲ್ಲ. ಆದ್ರೂ ಹೇಳ್ಬಿಡ್ತೀನಿ. ನೀನು ಬೇಕು ನಂಗೆ. ಆ ರೊಟ್ಟಿನೂ ಬೇಕು.”

ಹೇಮಶ್ರೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೌನವಾಗಿದ್ದುಬಿಟ್ಟರೆ ಸಾಕು, ಮೇ ತಿಂಗಳು ಬರುತ್ತದೆ, ಮದುವೆಯಾಗುತ್ತದೆ! ತಾನು ಕಳೆದುಕೊಂಡ ನಂಬಿಕೆಯ ಮನೆಯೊಳಗೆ ಬರಲು ಈತ ತನ್ನ ಅಜ್ಜಿಯನ್ನೇ ಹೊಸ್ತಿಲಲ್ಲಿ ಬಿಟ್ಟು ಬರುತ್ತಾನೆ, ಆಮೇಲೆ ಜೀವಮಾನವಿಡೀ ತಾನು ಅವನ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತು ನಟಿಸಬೇಕು... ಹೇಳಿದರೆ? ದೇವರನ್ನೇ ಉಸಿರಾಡುವ ಈ ಗಂಡಸು ತನ್ನನ್ನು ತೊರೆದಾನು. ಅವಳಿಗೆ ಅವನೆಂದರೆ ಪ್ರಾಣ. ಆ ಪ್ರಾಣವನ್ನೇ ಒತ್ತೆಯಿಟ್ಟು ಅವಳು ಮಾತಾಡಿದಳು.

“ಸುಳ್ಳು ಹೇಳ್ಬೇಡಿ. ನನಗೋಸ್ಕರ ಅಂತೂ ಬೇಡವೇ ಬೇಡ. ನನಗೆ... ಪ್ರಾರ್ಥನೆ ಮಾಡಿದ್ರೆ ಆ ಕಡೆ ಯಾರೂ ಇದ್ದ ಹಾಗೆ ಅನ್ನಿಸ್ತಿಲ್ಲ. ನಿಶ್ಚಿತಾರ್ಥದ ದಿನದಿಂದ.”

ಮೆಟ್ಟಿಲ ಕೆಳಗೆ ಒಬ್ಬ ಆಟೋದವನು ಬನಶಂಕರಿ ಬನಶಂಕರಿ ಎಂದು ಕೂಗುತ್ತಿದ್ದ.

“ಅಂದ್ರೆ, ಆಮೇಲೆ ನಾನು ತಿಂದ ರೊಟ್ಟಿ ಎಲ್ಲ...”

“ಹೂಂ. ಅಷ್ಟೂ ನಾನೇ ಮಾಡಿದ್ದು. ಹೀಗಿದ್ದುಕೊಂಡೇ.”

“ಆದ್ರೆ ಅದನ್ನ ಬಾಯಿಗೆ ಇಟ್ಕೊಂಡಾಗ ನಂಗೆ ದೇವರು ಸಿಕ್ತಿದ್ದ, ಹೇಮ! ನಿಜವಾಗ್ಲೂ ಸಿಕ್ತಿದ್ದ. ಅದು ಹೇಗೆ?”

ಹೇಗೆ? ಅವಳಿಗೂ ತಿಳಿಯಲಿಲ್ಲ. ಅವನು ಸುಳ್ಳಾಡುವವನಲ್ಲ, ತನ್ನೊಳಗಿನ ಶೂನ್ಯವೂ ಸುಳ್ಳಲ್ಲ. ಇಬ್ಬರೂ ಅಂದು ಹಾಗೆಯೇ ಬೇರೆಯಾದರು. ಅಂಗಡಿಗೆ ಹಿಂದಿರುಗುವಾಗ ಅವನು ತಿರುಗಿ ನೋಡಲಿಲ್ಲ.

ಮರುದಿನ ಸಭೆಯ ಇತಿಹಾಸದಲ್ಲೇ ಮೊದಲ ಸಲ, ಆರಾಧನೆಯ ಮೇಜಿನ ಬಿಳಿವಸ್ತ್ರದ ಕೆಳಗೆ ಬೇಕರಿಯ ಬ್ರೆಡ್ಡು ಇತ್ತು. ಪಾಪಯ್ಯನವರು ಮುಂಜಾನೆ ತಾವೇ ಹೋಗಿ ತಂದಿದ್ದರು. ಮಗಳ ಕಡೆ ನೋಡಲಾರದೆ ಅದನ್ನೇ ನೋಡುತ್ತ ನಿಂತಿದ್ದರು. ಹಿಂದಿನ ಬೆಂಚಿನಿಂದ ಶಿವಕಿರಣ್ ಎದ್ದ.

“ಅಜ್ಜಿ ಬಾಯಿಗೆ ಅಕ್ಕಿ ಹಾಕಿದೆ. ದೇವರನ್ನ ಬಿಡ್ಲಿಲ್ಲ. ಇಷ್ಟೇ ನನ್ನ ಸಾಕ್ಷಿ, ಬ್ರದರ್.”

ತೀರ್ಪು ಹೊರಬೀಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಅವನು ಇಳಿದು ಹೋದ. ಹೆಂಗಸರ ಸಾಲಿನಲ್ಲಿ ಹೇಮಶ್ರೀ ಎದ್ದಳು. ತಂದೆ ಬಂದು ಬಾಗಿಲಲ್ಲಿ ಅಡ್ಡ ನಿಂತರು. ಕಡೆಗೆ ಅವರು ಒಂದೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಆ ಒಂದು ಹೆಜ್ಜೆಗೆ ಅವರು ತಮ್ಮಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿದ್ದರೆಂಬುದು ಅವಳಿಗೆ ಅರ್ಥವಾಗಿ ಕಣ್ಣು ತುಂಬಿತು.

ಮೆಟ್ಟಿಲ ಬುಡದಲ್ಲಿ, ಚಪ್ಪಲಿಗಳ ರಾಶಿಯ ಬಳಿ, ಅವನು ನಿಂತಿದ್ದ. ಮೇಲಿನಿಂದ ಹಾಡು ಕೇಳಿಬರುತ್ತಿತ್ತು. ಅರಿವಿಲ್ಲದೆ ಗುನುಗುತ್ತಿದ್ದವನು ಅವಳನ್ನು ಕಂಡು ಥಟ್ಟನೆ ನಿಲ್ಲಿಸಿದ.

“ನಿಲ್ಲಿಸ್ಬೇಡಿ” ಎಂದಳು. “ಆ ಹಾಡು ನನಗೂ ಇಷ್ಟ. ಯಾರಿಗೆ ಹಾಡ್ತಿದೀವಿ ಅನ್ನೋದೊಂದೇ ಗೊತ್ತಿಲ್ಲ.”

“ಮುಂದೆ ಗೊತ್ತಾಗ್ದೇ ಹೋದ್ರೆ?”

“ಹೋದ್ರೆ... ನಿಮಗೆ ಬೇಜಾರಾಗುತ್ತಾ?”

“ಆಗುತ್ತೆ” ಎಂದ ಅವನು, ನೇರವಾಗಿ. ಮತ್ತೆ ಬಗ್ಗಿ, ರಾಶಿಯಲ್ಲಿ ಬೋರಲು ಬಿದ್ದಿದ್ದ ಅವಳ ಚಪ್ಪಲಿಯನ್ನು ಹುಡುಕಿ ತೆಗೆದು, ಜೋಡಿಸಿ ಅವಳ ಪಾದದ ಮುಂದಿಟ್ಟ. “ಪ್ರಾರ್ಥನೆ ನಾನು ಮಾಡ್ತೀನಿ. ನೀನು ಪಕ್ಕದಲ್ಲಿ ಕೂತಿರು. ಕಣ್ಣು ಬೇಕಾದ್ರೆ ಬಿಟ್ಕೊಂಡೇ ಕೂತಿರು.”

ನಿನ್ನೆಯ ಮುಗಿಲು ಇನ್ನೂ ಅಲ್ಲೇ ಇತ್ತೋ, ಹೊಸದೊಂದು ಬಂದಿತ್ತೋ, ಯಾರು ಬಲ್ಲರು! ಸಹೃದಯರೇ, ನಂಬಿಕೆ ಎಲ್ಲಿ ಕೊನೆಯಾಗುತ್ತದೆ, ಪ್ರೀತಿ ಎಲ್ಲಿ ಮೊದಲಾಗುತ್ತದೆ ಎಂಬುದು ಈ ಕಥೆ ಹೇಳುವವನಿಗೂ ತಿಳಿಯದು. ಎರಡನ್ನೂ ಮನುಷ್ಯನ ಎದೆ ಬಹುಶಃ ಒಂದೇ ಹಿಟ್ಟಿನಿಂದ ನಾದಿ ಮಾಡುತ್ತದೆ... ಹೊಂಗೆಯ ಹೂ ಉದುರಿದ ಬೀದಿಯಲ್ಲಿ ಅವರಿಬ್ಬರೂ ನಡೆದರು. ಅವನು ಮೆಲ್ಲನೆ ಹಾಡುತ್ತಿದ್ದ. ಅವಳು ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು.