ಪಾಂಡವರಿಗೂ ಪಾಸು

ಹುಚ್ಚವ್ವನಿಗೆ ಗೇಣು ಹೊಲವಿರಲಿಲ್ಲ. ಆದರೂ ಎಳ್ಳ ಅಮಾವಾಸ್ಯೆಯ ಚರಗವನ್ನು ಅವಳು ಒಂದು ವರ್ಷವೂ ತಪ್ಪಿಸಿದವಳಲ್ಲ. ಹೊಲ ಇದ್ದವರು ಬಂಡಿ ಕಟ್ಟಿಕೊಂಡು ತಮ್ಮ ತಮ್ಮ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಅನ್ನ ಚೆಲ್ಲಿ, ಬಂಧು ಬಳಗದ ಜೊತೆ ಉಂಡು ಬರುವ ಹಬ್ಬ ಅದು. ಹೊಲ ಇಲ್ಲದವರು ಯಾರಾದರೂ ಕರೆದರೆ ಹೋಗಬೇಕು. ಕರೆಸಿಕೊಂಡು ಹೋಗುವ ಸ್ವಭಾವ ಹುಚ್ಚವ್ವನದಲ್ಲ. ಮಸೂತಿ ಊರಿನ ಆಚೆಗೆ ಗುಡ್ಡದ ಮಗ್ಗುಲಿಗಿದ್ದ ಕುರಣದಲ್ಲಿ, ಅಂದರೆ ಸರಕಾರಿ ಹುಲ್ಲುಗಾವಲಿನಲ್ಲಿ, ಅವಳ ಕುರಿ ಮೇಯುತ್ತಿದ್ದವು. ಗಂಡ ಇದ್ದಾಗಿನಿಂದಲೂ ಅಲ್ಲಿಯ ಬನ್ನಿಗಿಡದ ಕೆಳಗೇ ಅವಳ ಚರಗ.

"ನನ್ನ ಕುರಿ ಮೇದದ್ದು ಆ ನೆಲಾ. ನಾ ಉಣಿಸೋದೂ ಆ ನೆಲಕ್ಕ," ಎನ್ನುತ್ತಿದ್ದಳು.

ವರ್ಷವಿಡೀ ಇನ್ನೊಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ, ಇನ್ನೊಬ್ಬರ ಅಂಗಳದಲ್ಲಿ ನಿಂತು ಮಾತಾಡುವ ಹೆಣ್ಣುಮಗಳು ಆ ಒಂದು ದಿನ ಮಾತ್ರ ಹತ್ತು ಮಂದಿಗೆ "ಬರ್ರಿ, ಉಣ್ಣಬರ್ರಿ" ಎನ್ನುವ ಯಜಮಾನಿ. ಅದಕ್ಕೇ ಅವಳಿಗೆ ದೀಪಾವಳಿ, ಯುಗಾದಿ ಎಲ್ಲಕ್ಕಿಂತ ಅದು ದೊಡ್ಡದು.

ಈ ಸಲವಂತೂ ಇನ್ನೂ ದೊಡ್ಡದು. ಮಗ ಸೋಮನಿಂಗನಿಗೆ ಮನಗೂಳಿಯಿಂದ ಹೆಣ್ಣು ತಂದಿದ್ದಳು. ಬೀಗ ಅಮೋಘಸಿದ್ಧ ಬಾವಿ ಹೊಲದ ಕುಳ. ಮದುವೆಯಲ್ಲಿ ಮೀಸೆ ತಿರುವುತ್ತ, "ಬೀಗತಿ, ಹೊಲಾ ಇಲ್ದ ಚರಗ ಎಲ್ಲಿ ಚೆಲ್ತೀರಿ?" ಎಂದು ನಗೆಯಾಡಿದ್ದ. "ಬಂದು ನೋಡ್ರಿ," ಎಂದು ಹುಚ್ಚವ್ವ ಅಲ್ಲೇ ಕರೆದುಬಿಟ್ಟಿದ್ದಳು.

ಕರೆದಾಯಿತು. ಆಮೇಲೆ ಬಂತು ಸುದ್ದಿ. ಬೇಸಿಗೆಯಲ್ಲಿ ಯಾರೋ ಪುಣ್ಯಾತ್ಮರು ಕುರಣದಲ್ಲಿ ಅಡಿಗೆ ಹೂಡಿ, ಹೊಸದಾಗಿ ನೆಟ್ಟ ಸಸಿ ಸುಟ್ಟಿದ್ದರು. ಇನ್ನು ಮೇಲೆ ಕುರಿಗೆ ಇದ್ದಂತೆ ಮನುಷ್ಯರಿಗೂ ಪಾಸು. ಕುರಣದೊಳಗೆ ಕೂತು ಉಣ್ಣಬೇಕಾದರೆ ತಲೆಗಿಷ್ಟೆಂದು ಫೀ ಕಟ್ಟಬೇಕು, ಬೆಂಕಿ ಮಾಡುವಂತಿಲ್ಲ.

ಹುಚ್ಚವ್ವ ನೆರೆಮನೆಯ ಇಮಾಮಬಿಯನ್ನು ಜೊತೆಗೆ ಕರೆದುಕೊಂಡು ತಾಲೂಕಿನ ಕಚೇರಿಗೆ ಹೋದಳು. ಅಲ್ಲಿಯ ಕಾರಕೂನ ಮೈಸೂರು ಕಡೆಯವನು, ಒಳ್ಳೆಯ ಮನುಷ್ಯ. ಇಬ್ಬರಿಗೂ ಬೆಂಚು ತೋರಿಸಿ ಕೂರಿಸಿದ.

"ಎಷ್ಟು ಜನ ಊಟಕ್ಕೆ ಬರ್ತಾರಮ್ಮ?"

ಹುಚ್ಚವ್ವ ಬಾಯಿಗೆ ಸೆರಗು ಹಿಡಿದಳು. "ಅದನ್ನ ಹೇಳಾಕ ಬರಂಗಿಲ್ರಿ."

"ಯಾಕೆ?"

"ಉಣ್ಣಾಕ ಕುಂದ್ರೋರನ್ನ ಎಣಸಬಾರ್ದ್ರಿ. ಎಣಿಸಿದ್ರ ಅಡಿಗಿ ಸಾಲಂಗಿಲ್ಲ. ನಾವು ಕುರೀನೂ ಎಣಸಂಗಿಲ್ಲ. ಮಾರಿ ನೋಡಿ ಯಾವುದು ಬಂದಿಲ್ಲ ಅಂತ ಹೇಳ್ತೇವಿ."

ಕಾರಕೂನ ಪೆನ್ನು ಕೆಳಗಿಟ್ಟು ಹಣೆ ಒತ್ತಿಕೊಂಡ. "ಎಣಿಸದೆ ಫೀ ಹೇಗಮ್ಮ ಹಾಕೋದು?"

"ಉಣ್ಣೋರ ಹೆಸರು ಹೇಳ್ತೇನಿ. ನೀವು ಎಣಿಸ್ಕೋರಿ. ನಿಮ್ಮ ಮನ್ಯಾಗಿನ ಅಡಿಗಿ ಅಲ್ಲಲ್ಲ, ನಿಮಗೇನೂ ಆಗಂಗಿಲ್ಲ."

ಆ ಉಪಾಯ ಕಾರಕೂನನಿಗೂ ಹಿಡಿಸಿತು. ಹುಚ್ಚವ್ವ ಕಣ್ಣು ಮುಚ್ಚಿದಳು. ಬನ್ನಿಗಿಡ, ಹಾಸಿದ ಮುತ್ತಲದ ಎಲೆ, ಮೊದಲು ಬಡಿಸುವ ಎಡೆ, ಎಲ್ಲ ಕಣ್ಣಮುಂದೆ ಬಂತು. ಬಡಿಸುತ್ತ ಹೋದಂತೆ ಹೆಸರು ಹೇಳುತ್ತ ಹೋದಳು.

"ಧರ್ಮರಾಯ. ಭೀಮ. ಅರ್ಜುನ. ನಕುಲ. ಸಹದೇವ."

"ಪರವಾಗಿಲ್ಲವೇ, ಯಾರೋ ಮಕ್ಕಳಿಗೆ ಸಾಲಾಗಿ ಹೆಸರಿಟ್ಟಿದ್ದಾರೆ," ಎಂದ ಕಾರಕೂನ ಬರೆಯುತ್ತ.

"ಹೌದ್ರಿ, ಅಣ್ಣತಮ್ಮರು. ಒಂದ ಕಡೆ ಕುಂದ್ರತಾರ," ಎಂದು ಹುಚ್ಚವ್ವ ಮುಂದಿನ ಎಲೆಗೆ ಹೋದಳು. ಬೀಗರು, ಮಗ, ಸೊಸೆ, ಇಮಾಮಬಿ, ಕೇರಿಯ ಮಂದಿ, ಕೊನೆಗೆ ತಾನು. ಸೆರಗಿನ ಗಂಟು ಬಿಚ್ಚಿ ಕೇಳಿದಷ್ಟು ಕಟ್ಟಿದಳು.

"ಪಾಸಿನಲ್ಲಿ ಹೆಸರು ಇಲ್ಲದವರು ಕೂತ್ರೆ ಗಾರ್ಡು ಎಬ್ಬಿಸ್ತಾನೆ ಮತ್ತೆ," ಎಂದು ಕಾರಕೂನ ಎಚ್ಚರಿಸಿ ಕಳಿಸಿದ.

ಹೊರಗೆ ಬಂದು ಬೇವಿನ ನೆರಳು ಸೇರುವವರೆಗೆ ಇಮಾಮಬಿ ನಗೆ ತಡೆದುಕೊಂಡಿದ್ದೇ ಹೆಚ್ಚು. ಹೊಟ್ಟೆ ಹಿಡಿದುಕೊಂಡು ಕೆಳಗೇ ಕೂತಳು.

"ಏನವಾ ನಿಂದು! ಐದು ಕಲ್ಲಿಗೆ ಫೀ ಕಟ್ಟಿ ಬಂದೆಲ್ಲ!"

ಆಗ ಹುಚ್ಚವ್ವನಿಗೆ ಹೊಳೆಯಿತು. ಚರಗದ ದಿನ ಐದು ಹರಳು ಆರಿಸಿ, ಸುಣ್ಣ ಹಚ್ಚಿ, ಗಿಡದ ಬುಡಕ್ಕೆ ಪಾಂಡವರೆಂದು ಇಟ್ಟು ಮೊದಲ ಎಡೆ ಅವರಿಗೇ ಹಿಡಿಯುವ ರೂಢಿ. ಉಣ್ಣುವವರ ಹೆಸರು ಕೇಳಿದಾಗ ಅವರ ಹೆಸರೇ ಮೊದಲು ಬಾಯಿಗೆ ಬಂದಿತ್ತು. ಅವಳ ಮುಖ ಕೆಂಪಾಯಿತು.

"ಒಳಗ ಹೋಗಿ ಹೆಸರು ತಗಸೋಣ ನಡಿ," ಎಂದಳು ಇಮಾಮಬಿ.

ಹುಚ್ಚವ್ವ ಎರಡು ಹೆಜ್ಜೆ ಇಟ್ಟವಳು ನಿಂತಳು. "ಬ್ಯಾಡ. ಊಟಕ್ಕ ಕರದ ಮ್ಯಾಲ ಹೊಳ್ಳಿ ಬರಬ್ಯಾಡ್ರಿ ಅಂತ ಹ್ಯಾಂಗ ಹೇಳೂದು? ಅದೂ ಧರ್ಮರಾಯಗ."

ಊರ ಬಾಯಿಗೆ ಬೀಗ ಹಾಕುವವರು ಯಾರು! ಸಂಜೆಯೊಳಗೆ ಕಟ್ಟೆಯ ಮೇಲೆಲ್ಲ ಅದೇ ಮಾತು. "ಹುಚ್ಚವ್ವಾ, ದ್ರೌಪದಿಗೆ ಪುಕ್ಕಟೆ ಏನ?" ಎಂದು ಕೇಳಿದವರಿಗೆ ಅವಳು ಕೊಟ್ಟ ಉತ್ತರವನ್ನು ಬರೆಯುವಂತಿಲ್ಲ.

ಅಮಾವಾಸ್ಯೆ ಬಂತು. ಸಜ್ಜಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾಹಿಂಡಿ, ಎಳ್ಳ ಹೋಳಿಗೆ, ಗಟ್ಟಿ ಮೊಸರು ಬುಟ್ಟಿಯಲ್ಲಿ ತುಂಬಿಕೊಂಡು ಎಲ್ಲರೂ ಕುರಣಕ್ಕೆ ಹೋದರು. ಬೀಗರ ಬಂಡಿಯೂ ಬಂತು. ಹುಚ್ಚವ್ವ ಐದು ಹರಳಿಗೆ ಪೂಜೆ ಮಾಡಿ ಎಡೆ ಹಿಡಿದಳು. ಸೋಮನಿಂಗ "ಹುಲ್ಲುಲ್ಲಿಗೋ!" ಎಂದು ಕೂಗುತ್ತ ಸುತ್ತಲೂ ಚರಗ ಚೆಲ್ಲಿದ. "ಚಲ್ಲಂಬರಿಗೋ!" ಎಂದು ಎಲ್ಲರೂ ದನಿಗೂಡಿಸಿದರು. ಎಳೆಬಿಸಿಲು, ತಣ್ಣನೆಯ ಗಾಳಿ. ಅಮೋಘಸಿದ್ಧ ಸುತ್ತ ನೋಡಿ, "ಬೀಗತಿ, ನಿಮ್ಮ ಹೊಲಕ್ಕ ಬದುವ ಇಲ್ಲಲ್ಲ!" ಎಂದ. ಈ ಸಲ ಅದರಲ್ಲಿ ಚೇಷ್ಟೆ ಇರಲಿಲ್ಲ. ಹುಚ್ಚವ್ವನಿಗೆ ಎದೆ ತುಂಬಿ ಬಂತು.

ಇನ್ನೇನು ಬಡಿಸಬೇಕು, ಅಷ್ಟರಲ್ಲಿ ಕಾಲುದಾರಿಯಲ್ಲಿ ಬಳೆಗಾರ ಕಾಸಿಂಸಾಬ ಮತ್ತು ಅವನ ಹೆಂಡತಿ ಶಮ್ಶುನ್ನೀಸಾ ಬಳೆಯ ಮಲಾರ ಹೊತ್ತು ಬರುತ್ತಿದ್ದರು. ಹಿಂದೆ ಇಬ್ಬರು ಕಂಬಳಿ ಮಾರುವವರು.

"ಬರ್ರೀ, ಉಣ್ಣಬರ್ರೀ!" ಎಂದು ಹುಚ್ಚವ್ವ ಕೂಗಿಯೇಬಿಟ್ಟಳು.

"ಅವ್ವಾ, ಪಾಸಿನ್ಯಾಗ ಅವ್ರ ಹೆಸರಿಲ್ಲ," ಎಂದು ಸೋಮನಿಂಗ ಕಿವಿಯಲ್ಲಿ ಹೇಳಿದ.

"ಚರಗದ ಹೊತ್ತಿಗೆ ಹಾದು ಹೋಗೋರನ್ನ ಕರೀದ ಬಿಡೋದೇನೋ? ಎಲಿ ಹಾಸು."

ನಾಲ್ವರೂ ಕೂತರು. ಮೊದಲ ತುತ್ತು ಬಾಯಿಗೆ ಹೋಗಿರಬೇಕು, ಖಾಕಿ ಟೊಪ್ಪಿಗೆಯ ಗೈಬುಸಾಬ ಗಿಡಗಳ ಸಂದಿಯಿಂದ ಬಂದ. ಇಂಡಿ ಊರಿನಿಂದ ಹೊಸದಾಗಿ ಬಂದ ಗಾರ್ಡು. ಹೆಗಲಿಗೆ ಚೀಲ, ಕೈಯಲ್ಲಿ ಪೆನ್ಸಿಲ್ಲು.

"ಪಾಸ ತೋರಸ್ರಿ."

ಬೀಗನ ಕೈ ಎಲೆಯ ಮೇಲೇ ನಿಂತಿತು. ಗೈಬುಸಾಬ ಪಾಸು ತೆಗೆದುಕೊಂಡು ಹೆಸರು ಕೂಗಿದ.

"ಧರ್ಮರಾಯ."

ಯಾರೂ ಓ ಎನ್ನಲಿಲ್ಲ.

"ಅಲ್ಲೇ ಕುಂತಾನ ನೋಡ್ರಿ," ಎಂದು ಇಮಾಮಬಿ ಗಿಡದ ಬುಡ ತೋರಿಸಿದಳು. ಗೈಬುಸಾಬ ಅತ್ತ ನೋಡಿದ, ಪಾಸು ನೋಡಿದ, ಮತ್ತೆ ಆ ಐದು ಬಿಳಿ ಹರಳು ನೋಡಿದ. ಮೀಸೆಯ ಕೆಳಗೆ ತುಟಿ ಕುಣಿಯಿತು. ಆದರೂ ಗಂಟಲು ಸರಿಮಾಡಿಕೊಂಡು, ಪಾಂಡವರನ್ನು ಬಿಟ್ಟು ಉಳಿದ ಹೆಸರು ಕೂಗಿದ. ಎಲ್ಲರೂ ಓಗೊಟ್ಟರು. ಕೊನೆಗೆ ಹಾದಿಹೋಕರ ಮುಂದೆ ನಿಂತ.

"ಇವರು ಯಾರು?"

"ಹಾದೀಲೆ ಹೊಂಟಿದ್ರು. ನಾ ಕರದೆ."

"ಹೆಸರಿಲ್ಲದವರು ಏಳಬೇಕಾಗತೈತ್ರಿ. ನನ್ನ ಕೈಯಾಗೇನೂ ಇಲ್ಲ, ನೌಕರಿ."

ಕಾಸಿಂಸಾಬ ರೊಟ್ಟಿ ಎಲೆಯಲ್ಲಿಟ್ಟು ಏಳಲು ಮೊಣಕಾಲಿಗೆ ಕೈ ಕೊಟ್ಟ. ಬೀಗರ ಎದುರಿಗೆ, ತಾನೇ ಕರೆದವರು, ಉಣ್ಣುವ ಎಲೆಯಿಂದ ಏಳುವುದೇ! ಹುಚ್ಚವ್ವ ಅಡ್ಡ ಬಂದಳು.

"ಕುಂದ್ರು ಕಾಸಿಂಸಾಬ!" ಎಂದಳು. ದನಿ ಕೇಳಿ ಗೈಬುಸಾಬನೂ ಒಂದು ಹೆಜ್ಜೆ ಹಿಂದೆ ಸರಿದ. "ಸಾಹೇಬ್ರ, ಪಾಂಡವರಿಗೆ ನಾ ಫೀ ಕಟ್ಟೇನೋ ಇಲ್ಲೋ?"

"ಕಟ್ಟೀರಿ."

"ಅವ್ರ ಎಡಿ ಮುಗದೈತಿ. ಉಂಡು ಎದ್ದರು. ಆ ಜಾಗಾ ಖಾಲಿ ಆತು, ಇವ್ರು ಬಂದು ಕುಂತ್ರು. ಹಿರೇರು ಎದ್ದ ಮ್ಯಾಲ ಕಿರೇರು ಕುಂದ್ರೋದು ಯಾವ ಕಾಯ್ದೇದಾಗ ತಪ್ಪು? ನಾ ಅಂತೂ ಎಣಸಂಗಿಲ್ಲ, ನೀವ ಎಣಿಸ್ಕೋರಿ."

ಗೈಬುಸಾಬ ಪಾಸನ್ನು ಚೀಲದ ಮೇಲೆ ಹರಡಿದ. ಆಮೇಲೆ ಪೆನ್ಸಿಲ್ಲು ನಾಲಿಗೆಗೆ ಒತ್ತಿಕೊಂಡ. ಕಾಸಿಂಸಾಬನನ್ನು ನೋಡಿ ಧರ್ಮರಾಯನ ಹೆಸರಿಗೆ ಗುರುತು ಹಾಕಿದ. ಗುಬ್ಬಿಯಂಥ ಶಮ್ಶುನ್ನೀಸಾ ಭೀಮನಾದಳು. ಕಂಬಳಿಯವರು ಅರ್ಜುನ, ನಕುಲರಾದರು. ತಡೆದಿಟ್ಟ ನಗೆಯಿಂದ ಅಮೋಘಸಿದ್ಧನ ಹೊಟ್ಟೆ ಕುಲುಕುತ್ತಿತ್ತು.

"ಸಹದೇವ ಒಬ್ಬ ಉಳದಾನ," ಎಂದ ಗೈಬುಸಾಬ, ಪಾಸು ಮಡಚುತ್ತ. "ನಮ್ಮ ಮನಿಯವರೂ ಇವತ್ತ ಇಂಡ್ಯಾಗ ಬಾಜೂದವರ ಹೊಲಕ್ಕ ಚರಗಕ್ಕ ಹೋಗಿರ್ತಾರ. ನಾ ಸಣ್ಣಾವಿದ್ದಾಗಿಂದ ಒಮ್ಮೆನೂ ತಪ್ಪಿಸಿದಾವಲ್ಲ. ಈ ವರ್ಷ ಡ್ಯೂಟಿ." ಅವನ ಚೀಲದಿಂದ ಒಣರೊಟ್ಟಿಯ ಗಂಟು ಹೊರಗೆ ಇಣುಕಿತ್ತು.

ಅಷ್ಟರಲ್ಲಿ ಹುಚ್ಚವ್ವ ಬಗ್ಗಿ, ಕಂಬಳಿಯವರ ಮಗ್ಗುಲಿಗೆ ಇನ್ನೊಂದು ಎಲೆ ಹಾಸಿ ನೀರು ಚಿಮುಕಿಸಿದ್ದಳು.

"ಅವನ ಹಾದೀನ ನೋಡಾಕತ್ತಿದ್ದೆ. ಫೀ ಕಟ್ಟೇನಿ, ಯಾರ ಮುಲಾಜೂ ಇಲ್ಲ. ಕೈ ತೊಳಕೊಂಡು ಬರ್ರಿ."

ಗೈಬುಸಾಬ ಟೊಪ್ಪಿಗೆ ತೆಗೆದು ಬನ್ನಿಗಿಡದ ಟೊಂಗೆಗೆ ಸಿಕ್ಕಿಸಿದ. ತಂಬಿಗೆ ಎತ್ತಿ ಅವನ ಕೈಗೆ ನೀರು ಹಾಕಲು ಬೀಗ ಅಮೋಘಸಿದ್ಧನೇ ಎದ್ದು ಬಂದ.

ಹುಚ್ಚವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೂತವರ ಮುಖಗಳನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಎಣಿಸಲಿಲ್ಲ. ಯಾರೂ ಕಡಿಮೆ ಇರಲಿಲ್ಲ.

"ಸೋಮನಿಂಗಾ," ಎಂದು ಕೂಗಿದಳು, "ಸಹದೇವಗ ಹೋಳಿಗಿ ಹಾಕೋ."